ಬರಲಿರುವ ಫೋನುಗಳ ಹೋಲಿಕೆ: ಸೋರಿಕೆಯಾದ ಅಂಕಿಗಳಲ್ಲಿ ಯಾವುದನ್ನು ನಂಬುವುದು, ಯಾವುದಕ್ಕೆ ಕಾಯುವುದು?

ಕಿರುಪರದೆ:

ಸದ್ಯದಲ್ಲೇ ಬಿಡುಗಡೆಯಾಗಲಿರುವ ಎರಡು ಫೋನು, ಈಗಾಗಲೇ ಮಾರಾಟದಲ್ಲಿರುವ ಕಳೆದ ವರ್ಷದ ಒಂದು ಫೋನು. ಈ ಮೂರರಲ್ಲಿ ಒಂದನ್ನು ಆರಿಸಬೇಕು. ಹೆಸರು ಹಾಕಿದರೆ ಮಾತು ಬ್ರ್ಯಾಂಡ್ ಅಭಿಮಾನದ ಕಡೆಗೆ ಹೊರಳುತ್ತದೆ, ಹಾಗಾಗಿ ಎ, ಬಿ, ಸಿ ಎಂದೇ ಬರೆಯುತ್ತೇನೆ.

ಎ: 6.3 ಇಂಚಿನ ಪರದೆ. ಮುಖ್ಯ ಕ್ಯಾಮೆರಾ 50 ಮೆಗಾಪಿಕ್ಸೆಲ್, ಸೆನ್ಸರ್ 1/1.56 ಇಂಚು, ಅಪರ್ಚರ್ ಎಫ್/1.6, ಜೊತೆಗೆ 3ಎಕ್ಸ್ ಟೆಲಿಫೋಟೊ. ಬ್ಯಾಟರಿ ಒಂದು ಕಡೆ 6,000 ಎಂಎಎಚ್ ಎಂದಿದೆ, ಇನ್ನೊಂದು ಕಡೆ 5,100 ಎಂದಿದೆ. ಚಾರ್ಜಿಂಗ್ 80 ವಾಟ್. ಅಪ್‌ಡೇಟ್ 4 ವರ್ಷ.

ಬಿ: 6.8 ಇಂಚು. ಮುಖ್ಯ ಕ್ಯಾಮೆರಾ 200 ಮೆಗಾಪಿಕ್ಸೆಲ್, 1/1.3 ಇಂಚು, ಎಫ್/1.9. ಟೆಲಿಫೋಟೊ 5ಎಕ್ಸ್. ಬ್ಯಾಟರಿ 5,000 ಎಂಎಎಚ್, 45 ವಾಟ್. ಅಪ್‌ಡೇಟ್ 7 ವರ್ಷ.

ಸಿ: ಬಿಯ ಹಿಂದಿನ ಆವೃತ್ತಿ, ಬಿಡುಗಡೆಯಾಗಿ ಒಂದು ವರ್ಷವಾಗಿದೆ. ಹೆಚ್ಚುಕಡಿಮೆ ಅದೇ ಕ್ಯಾಮೆರಾ, ಹಿಂದಿನ ಪೀಳಿಗೆಯ ಚಿಪ್.

ಬಳಕೆ: ಮನೆಯೊಳಗಿನ ಬೆಳಕಿನಲ್ಲಿ ಓಡಾಡುವ ಮಕ್ಕಳ ಫೋಟೊ, 4ಕೆ ವಿಡಿಯೊ, ಬಿಸಿಲಲ್ಲಿ ನಕ್ಷೆ ನೋಡುವುದು, ಗಂಟೆಗಟ್ಟಲೆ ಹಾಟ್‌ಸ್ಪಾಟ್. ಗೇಮ್ ಇಲ್ಲ. ಕನಿಷ್ಠ 5 ವರ್ಷ ಬಳಸುವ ಉದ್ದೇಶ.

ಸೋರಿಕೆಯಲ್ಲಿ ಬಂದ ಅಂಕಿಗಳಲ್ಲಿ ಯಾವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು, ಯಾವುದಕ್ಕೆ ಬಿಡುಗಡೆಯ ನಂತರದ ಅಳತೆಗಳೇ ಬೇಕು? 200 ಮೆಗಾಪಿಕ್ಸೆಲ್ ಎದುರು 50 ಸೋತ ಹಾಗೆಯೇ?

ಬೆಸುಗೆ:

ಕೂಸು ಹುಟ್ಟುವ ಮುಂಚೆ ಕುಲಾವಿ ಬೇಡ ಎಂದು ಒಂದೇ ಮಾತಲ್ಲಿ ಮುಗಿಸಬಹುದಿತ್ತು. ಆದರೆ ಸೋರಿಕೆಗಳಲ್ಲೂ ತರತಮ ಇದೆ, ಅದು ಗೊತ್ತಿದ್ದರೆ ಬಿಡುಗಡೆಗೆ ಮೊದಲೇ ಅರ್ಧ ಹೋಲಿಕೆ ಮುಗಿಯುತ್ತದೆ.

ಎಲ್ಲಕ್ಕಿಂತ ಗಟ್ಟಿ ಸುಳಿವು ಪ್ರಮಾಣೀಕರಣ ಸಂಸ್ಥೆಗಳ ದಾಖಲೆ. ಅಲ್ಲಿ ಕಂಪನಿಯೇ ಸಹಿ ಹಾಕಿ ಕೊಟ್ಟ ಮಾಹಿತಿ ಇರುತ್ತದೆ. ಅಮೆರಿಕದ ಎಫ್‌ಸಿಸಿ ದಾಖಲೆಯಲ್ಲಿ ರೇಡಿಯೊ ಬ್ಯಾಂಡುಗಳು ಸಿಗುತ್ತವೆ, ಹಲವು ಸಲ ಚಾರ್ಜರಿನ ಮಾದರಿ ಸಂಖ್ಯೆ ಮತ್ತು ಫೋನಿನ ಅಳತೆಯೂ ಇರುತ್ತದೆ. ಒಳಗಿನ ಚಿತ್ರಗಳನ್ನು 180 ದಿನಗಳವರೆಗೆ ಗೋಪ್ಯವಾಗಿಡಲು ಕಂಪನಿ ಕೇಳಿಕೊಳ್ಳಬಹುದು, ಹಾಗಾಗಿ ಅವು ಕಾಣದಿದ್ದರೆ ಅನುಮಾನ ಬೇಡ. ಚೀನಾದ ಟೆನಾ ದಾಖಲೆಯಲ್ಲಿ ತೂಕ, ದಪ್ಪ, ಬ್ಯಾಟರಿ ಬರುತ್ತವೆ. ಅಲ್ಲಿನ 3ಸಿ ಪ್ರಮಾಣಪತ್ರದಲ್ಲಿ ಚಾರ್ಜರಿನ ವಾಟ್ ಸಿಗುತ್ತದೆ. ಭಾರತದ ಬಿಐಎಸ್ ಪಟ್ಟಿಯಲ್ಲಿ ಮಾದರಿ ಸಂಖ್ಯೆ ಬಿಟ್ಟರೆ ಹೇಳಿಕೊಳ್ಳುವಂಥದ್ದು ಇರುವುದಿಲ್ಲ. ಫೋನು ಬರುತ್ತಿದೆ ಎಂಬುದಕ್ಕೆ ಅದು ಸಾಕ್ಷಿ, ಅಷ್ಟೇ.

ಗೀಕ್‌ಬೆಂಚ್ (ಫೋನಿನ ವೇಗಕ್ಕೆ ಅಂಕ ಕೊಡುವ ಆ್ಯಪ್) ಪಟ್ಟಿಯನ್ನು ಅರ್ಧ ಮಾತ್ರ ನಂಬಿ. ಫೋನಿನ ಹೆಸರನ್ನು ಬದಲಿಸಿ ಯಾರು ಬೇಕಾದರೂ ಫಲಿತಾಂಶ ಏರಿಸಬಹುದು. ಅದರಲ್ಲಿನ ಕೋರ್‌ಗಳ ಜೋಡಣೆ, ಗರಿಷ್ಠ ಗಿಗಾಹರ್ಟ್ಸ್ ನೋಡಿ ಚಿಪ್ ಯಾವುದು ಎಂದು ಊಹಿಸಲು ಅಡ್ಡಿಯಿಲ್ಲ. ಅಂಕವನ್ನು ಮಾತ್ರ ಮರೆತುಬಿಡಿ, ಬಿಡುಗಡೆಗೆ ಮುಂಚಿನ ಫರ್ಮ್‌ವೇರಿನ (ಫೋನಿನೊಳಗಿನ ಮೂಲ ತಂತ್ರಾಂಶದ) ಅಂಕಕ್ಕೆ ಬೆಲೆಯಿಲ್ಲ. ಬಣ್ಣಬಣ್ಣದ ರೆಂಡರ್ ಚಿತ್ರಗಳು ಸಾಮಾನ್ಯವಾಗಿ ಕವಚ ತಯಾರಕರಿಗೆ ಸಿಕ್ಕ ನಕ್ಷೆಯಿಂದ ಹುಟ್ಟುತ್ತವೆ. ಅಳತೆ ಸರಿ ಇರುತ್ತದೆ, ಒಳಗೆ ಏನಿದೆ ಎಂಬುದಕ್ಕೆ ಅವು ಆಧಾರವಲ್ಲ.

ಈಗ ನಿಮ್ಮ ಎ ಫೋನಿನ ಬ್ಯಾಟರಿ ಗೊಂದಲ. 6,000 ಮತ್ತು 5,100 ಎರಡೂ ನಿಜವಿರಬಹುದು. ಒಂದು ಸೆಲ್ಲಿನ ಶಕ್ತಿ 20 ವಾಟ್-ಅವರ್ ದಾಟಿದರೆ ಅದನ್ನು ಸಾಗಿಸಲು ಅಪಾಯಕಾರಿ ಸರಕಿನ ಪೂರ್ತಿ ನಿಯಮ ಅನ್ವಯಿಸುತ್ತದೆ. ಲಿಥಿಯಂ ಸೆಲ್ಲಿನ ನಾಮಮಾತ್ರ ವೋಲ್ಟೇಜ್ 3.87 ಎಂದು ಹಿಡಿದರೆ 20 ವಾಟ್-ಅವರ್ ಎಂದರೆ ಸುಮಾರು 5,168 ಎಂಎಎಚ್. ಈ ಗೆರೆಯ ಕೆಳಗೆ ನಿಲ್ಲಲೆಂದೇ ಕೆಲವು ಕಂಪನಿಗಳು ಒಂದೇ ಫೋನನ್ನು ಒಂದು ಪ್ರದೇಶದಲ್ಲಿ ದೊಡ್ಡ ಬ್ಯಾಟರಿಯೊಂದಿಗೆ, ಇನ್ನೊಂದು ಪ್ರದೇಶದಲ್ಲಿ ಚಿಕ್ಕದರೊಂದಿಗೆ ಬಿಡುತ್ತವೆ. ಉಳಿದವು ಬ್ಯಾಟರಿಯನ್ನು ಎರಡು ಸೆಲ್ ಮಾಡುತ್ತವೆ. ನಿಮ್ಮ ಕಡೆ ಮಾರಾಟವಾಗುವ ಮಾದರಿ ಸಂಖ್ಯೆಗೆ ಯಾವ ಅಂಕಿ ಸೇರಿದೆ ಎಂದು ನೋಡದೆ 6,000 ಎಂದು ಬರೆದುಕೊಳ್ಳಬೇಡಿ.

ಬ್ಯಾಟರಿಯಲ್ಲಿ ಇನ್ನೂ ಎರಡು ಬಲೆ. ಪ್ರಮಾಣೀಕರಣ ದಾಖಲೆಯಲ್ಲಿ ಇರುವುದು ರೇಟೆಡ್ (ಕನಿಷ್ಠ ಖಾತ್ರಿಯ) ಸಾಮರ್ಥ್ಯ, ಜಾಹೀರಾತಿನಲ್ಲಿ ಇರುವುದು ಟಿಪಿಕಲ್ (ಸರಾಸರಿ). 5,000 ಎಂದು ಪ್ರಚಾರವಾಗುವ ಬ್ಯಾಟರಿ ದಾಖಲೆಯಲ್ಲಿ 4,850ರ ಆಸುಪಾಸು ಕಾಣುವುದು ಸಾಮಾನ್ಯ. ಒಂದು ಫೋನಿನ ರೇಟೆಡ್ ಅಂಕಿಯನ್ನು ಇನ್ನೊಂದರ ಟಿಪಿಕಲ್ ಅಂಕಿಯ ಪಕ್ಕ ಇಟ್ಟರೆ ಹೋಲಿಕೆ ಅಲ್ಲೇ ಕೆಟ್ಟಿತು. ಎರಡನೆಯದು ಸರಣಿಯಲ್ಲಿ ಜೋಡಿಸಿದ ಎರಡು ಸೆಲ್. 2,500 ಎಂಎಎಚ್‌ನ ಎರಡು ಸೆಲ್ ಸರಣಿಯಲ್ಲಿದ್ದರೆ 7.74 ವೋಲ್ಟ್, 2,500 ಎಂಎಎಚ್. 5,000ದ ಒಂದು ಸೆಲ್ ಎಂದರೆ 3.87 ವೋಲ್ಟ್. ಎರಡರಲ್ಲೂ ಶಕ್ತಿ 19.35 ವಾಟ್-ಅವರ್. ಹೋಲಿಸುವಾಗ ಎಲ್ಲವನ್ನೂ ವಾಟ್-ಅವರ್‌ಗೆ ತಂದುಕೊಳ್ಳಿ.

ಸ್ಟೋರೇಜ್ ವಿಚಾರದಲ್ಲಿ ಎಷ್ಟು ಜಿಬಿ ಎಂಬುದರ ಜೊತೆ ಯಾವ ಯುಎಫ್ಎಸ್ (ಸ್ಟೋರೇಜ್ ಚಿಪ್ಪಿನ ಪೀಳಿಗೆ) ಎಂದೂ ಕೇಳಿ, ಅದೂ ನೀವು ಕೊಳ್ಳುವ ಆವೃತ್ತಿಗೆ. ಗ್ಯಾಲಕ್ಸಿ ಎಸ್23, ಎಸ್24ಗಳಲ್ಲಿ 128 ಜಿಬಿ ಆವೃತ್ತಿಗೆ ಯುಎಫ್ಎಸ್ 3.1 ಇತ್ತು, 256ಕ್ಕೆ 4.0. ಸತತವಾಗಿ ಓದುವ ವೇಗ 3.1ರಲ್ಲಿ ಸೆಕೆಂಡಿಗೆ ಸುಮಾರು 2,100 ಎಂಬಿ, 4.0ರಲ್ಲಿ 4,200 ಎಂಬಿವರೆಗೆ. ದಿನನಿತ್ಯದ ಬಳಕೆಯಲ್ಲಿ ಈ ವ್ಯತ್ಯಾಸ ಗೊತ್ತಾಗುವುದು ಕಷ್ಟ. 2.2 ಕೊಟ್ಟಿದ್ದರೆ ಮಾತ್ರ, 5 ವರ್ಷ ಬಳಸುವವರು ದೂರವಿರುವುದು ಒಳ್ಳೆಯದು. "12 ಜಿಬಿ ರ‍್ಯಾಮ್ ಜೊತೆಗೆ 12 ಜಿಬಿ ವಿಸ್ತರಿತ ರ‍್ಯಾಮ್" ಎಂದಿದ್ದರೆ ಓದುವಾಗ ಎರಡನೆಯ ಭಾಗವನ್ನು ಅಳಿಸಿಬಿಡಿ. ಅದು ಸ್ಟೋರೇಜಿನ ತುಂಡನ್ನು ರ‍್ಯಾಮ್ ಎಂದು ಕರೆಯುವುದು.

4ಕೆ ವಿಡಿಯೊ ತೆಗೆಯುವವರು ಯುಎಸ್‌ಬಿ ಆವೃತ್ತಿ ನೋಡಲೇಬೇಕು. ಟೈಪ್-ಸಿ ಎಂಬುದು ತೂತಿನ ಆಕಾರ ಮಾತ್ರ. 2023ರ ಐಫೋನ್ 15ಕ್ಕೆ ಟೈಪ್-ಸಿ ಬಂತು, ವೇಗ ಮಾತ್ರ ಯುಎಸ್‌ಬಿ 2.0ರ 480 ಮೆಗಾಬಿಟ್. 15 ಪ್ರೊಗೆ 10 ಗಿಗಾಬಿಟ್. 480 ಮೆಗಾಬಿಟ್‌ನಲ್ಲಿ ಕೈಗೆ ಸಿಗುವುದು ಸೆಕೆಂಡಿಗೆ ಸುಮಾರು 40 ಎಂಬಿ, ಅಂದರೆ 100 ಜಿಬಿ ವಿಡಿಯೊ ಹೊರತೆಗೆಯಲು 40 ನಿಮಿಷದ ಮೇಲೆ. 5 ಗಿಗಾಬಿಟ್ ಇದ್ದರೆ ಅದೇ ಕೆಲಸ ನಾಲ್ಕೈದು ನಿಮಿಷದ್ದು.

ಮೂರನೇಕಣ್ಣು:

ಮೆಗಾಪಿಕ್ಸೆಲ್ ಪ್ರಶ್ನೆಗೆ ಲೆಕ್ಕ ಹಾಕಿಯೇ ಉತ್ತರ ಹೇಳಬಹುದು.

1/1.3, 1/1.56 ಎಂಬ ಭಿನ್ನರಾಶಿಗಳನ್ನು ನೇರವಾಗಿ ಹೋಲಿಸಬೇಡಿ, ಅವು ಹಳೆಯ ಟಿವಿ ಕ್ಯಾಮೆರಾ ಕೊಳವೆಗಳ ಕಾಲದ ಅಳತೆ. ಪಿಕ್ಸೆಲ್ ಗಾತ್ರವನ್ನು ಪಿಕ್ಸೆಲ್ ಸಂಖ್ಯೆಯಿಂದ ಗುಣಿಸಿದರೆ ಸೆನ್ಸರಿನ ನಿಜವಾದ ಅಗಲ ಸಿಗುತ್ತದೆ. 200 ಮೆಗಾಪಿಕ್ಸೆಲ್, 1/1.3 ಇಂಚಿನ ಸೆನ್ಸರಿನಲ್ಲಿ ಪಿಕ್ಸೆಲ್ 0.6 ಮೈಕ್ರಾನ್. ಅಡ್ಡಕ್ಕೆ 16,320, ಉದ್ದಕ್ಕೆ 12,288 ಪಿಕ್ಸೆಲ್. ಅಂದರೆ ಸುಮಾರು 9.8 ಮಿ.ಮೀ. ಅಗಲ, 7.4 ಮಿ.ಮೀ. ಎತ್ತರ; ವಿಸ್ತೀರ್ಣ 72 ಚದರ ಮಿ.ಮೀ. 50 ಮೆಗಾಪಿಕ್ಸೆಲ್, 1/1.56 ಇಂಚಿನದರಲ್ಲಿ ಪಿಕ್ಸೆಲ್ 1 ಮೈಕ್ರಾನ್. 8.2 ಮತ್ತು 6.1 ಮಿ.ಮೀ., ವಿಸ್ತೀರ್ಣ 50. ಬಿಯ ಸೆನ್ಸರ್ ಎಗಿಂತ 1.4 ಪಟ್ಟು ದೊಡ್ಡದು.

ಇಷ್ಟಕ್ಕೇ ನಿಲ್ಲಿಸಿದರೆ ಬಿ ಗೆದ್ದಿತು. ಆದರೆ ಸೆನ್ಸರಿಗೆ ಬೆಳಕು ಬಿಡುವುದು ಲೆನ್ಸ್. ಅಪರ್ಚರ್ ಅಂಕಿ ಚಿಕ್ಕದಾದಷ್ಟೂ ಬೆಳಕಿನ ಕಿಂಡಿ ದೊಡ್ಡದು. 1.9ನ್ನು 1.6ರಿಂದ ಭಾಗಿಸಿ ವರ್ಗ ಮಾಡಿ: 1.41. ಅಂದರೆ ಪ್ರತಿ ಚದರ ಮಿಲಿಮೀಟರಿಗೆ ಎಯ ಲೆನ್ಸ್ 1.4 ಪಟ್ಟು ಹೆಚ್ಚು ಬೆಳಕು ಕೊಡುತ್ತದೆ. ಎರಡೂ ಹೆಚ್ಚಳ ಒಂದನ್ನೊಂದು ಹೊಡೆದುಹಾಕುತ್ತವೆ. ನೀವು ಕೊಟ್ಟ ಅಂಕಿಗಳು ನಿಜವಾದರೆ ಒಂದೇ ಶಟರ್ ವೇಗಕ್ಕೆ ಎರಡು ಮುಖ್ಯ ಕ್ಯಾಮೆರಾಗಳಿಗೂ ಸಿಗುವ ಒಟ್ಟು ಬೆಳಕು ಒಂದೇ. 200 ಮತ್ತು 50ರ ನಡುವಿನ ಜಿದ್ದು ಮನೆಯೊಳಗಿನ ಫೋಟೊಗೆ ಸಂಬಂಧಿಸಿದ್ದೇ ಅಲ್ಲ. ಹೇಗೂ 200ರದು 16 ಪಿಕ್ಸೆಲ್ ಒಂದಾಗಿ 12.5 ಮೆಗಾಪಿಕ್ಸೆಲ್ ಚಿತ್ರ ಕೊಡುತ್ತದೆ, 50ರದು 4 ಒಂದಾಗಿ ಅದೇ 12.5 ಕೊಡುತ್ತದೆ. ಹೆಚ್ಚು ಪಿಕ್ಸೆಲ್‌ನ ಲಾಭ ಹಗಲಿನಲ್ಲಿ, 2ಎಕ್ಸ್‌ನಿಂದ 4ಎಕ್ಸ್‌ವರೆಗೆ ಕತ್ತರಿಸಿ ಹಿಗ್ಗಿಸುವಾಗ.

ಓಡಾಡುವ ಮಕ್ಕಳಿಗೆ ಬೇಕಾದದ್ದು ಶಟರ್ ವೇಗ, ಮತ್ತು ಗುಂಡಿ ಒತ್ತಿದ ಕ್ಷಣಕ್ಕೇ ಚಿತ್ರ ಸಿಗುವುದು. ಸೋರಿಕೆಯಲ್ಲಿ ಇವೆರಡೂ ಎಂದೂ ಬರುವುದಿಲ್ಲ. ಬಿಡುಗಡೆಯಾದ ಮೇಲೆ ಹೀಗೆ ಮಾಡಿ: ವಿಮರ್ಶೆ ತಾಣಗಳು ಮೂಲ ಗಾತ್ರದ ಫೋಟೊಗಳನ್ನು ಹಾಕುತ್ತವೆ, ಒಳಾಂಗಣದ ಒಂದು ಹತ್ತು ಚಿತ್ರ ಇಳಿಸಿಕೊಂಡು ಎಕ್ಸಿಫ್ ಮಾಹಿತಿ (ಫೋಟೊ ಕಡತದೊಳಗೆ ಉಳಿಯುವ ಶಟರ್, ಐಎಸ್ಒ ವಿವರ) ತೆರೆಯಿರಿ. ಮನುಷ್ಯರಿರುವ ಚಿತ್ರದಲ್ಲೂ ಶಟರ್ 1/25, 1/33 ಎಂದು ಕಂಡರೆ ಆ ಫೋನು ನಿಂತ ವಸ್ತುವಿಗೆ ಮಾತ್ರ ಚೆನ್ನ. 1/100ಕ್ಕೆ ಏರಿಸಿ ಐಎಸ್ಒ (ಬೆಳಕಿಗೆ ಸೆನ್ಸರಿನ ಸಂವೇದನೆ) ಹೆಚ್ಚಿಸಿಕೊಂಡಿದ್ದರೆ ಸ್ವಲ್ಪ ಒರಟು ಕಂಡರೂ ಮುಖ ಮಸುಕಾಗುವುದಿಲ್ಲ, ನಿಮಗೆ ಬೇಕಿರುವುದು ಅದೇ. ಓಐಎಸ್ ಇದಕ್ಕೆ ಪರಿಹಾರವಲ್ಲ. ಅದು ನಿಮ್ಮ ಕೈ ನಡುಕವನ್ನು ತಡೆಯುತ್ತದೆ, ಮಗುವಿನ ಓಟವನ್ನಲ್ಲ.

ಟೆಲಿಫೋಟೊ ವಿಚಾರಕ್ಕೆ ಬಂದರೆ 3ಎಕ್ಸ್ ಎಂದರೆ ಸುಮಾರು 70-75 ಮಿ.ಮೀ. ಫೋಕಲ್ ಲೆಂತ್ (ಹೆಚ್ಚಾದಷ್ಟೂ ದೃಶ್ಯ ಹತ್ತಿರ ಕಾಣುತ್ತದೆ), 5ಎಕ್ಸ್ ಸುಮಾರು 120. ಕೋಣೆಯೊಳಗೆ 120 ಮಿ.ಮೀ. ಹಿಡಿದು ಹಿಂದೆ ಸರಿಯಲು ಜಾಗವೇ ಇರುವುದಿಲ್ಲ. ನಿಮ್ಮ ಬಳಕೆಗೆ 3ಎಕ್ಸ್ ದಿನವೂ ಕೈಗೆ ಬರುತ್ತದೆ, 5ಎಕ್ಸ್ ವೇದಿಕೆ ಕಾರ್ಯಕ್ರಮಕ್ಕೋ ಹಕ್ಕಿಗೋ ಸರಿ. ಆದರೆ ಬೆಳಕು ಕಡಿಮೆಯಾದಾಗ, ವಸ್ತು ತೀರ ಹತ್ತಿರವಿದ್ದಾಗ ಹಲವು ಫೋನುಗಳು ಟೆಲಿಫೋಟೊ ಬಿಟ್ಟು ಮುಖ್ಯ ಕ್ಯಾಮೆರಾದ ಚಿತ್ರವನ್ನೇ ಕತ್ತರಿಸಿ ತೋರಿಸುತ್ತವೆ. 3ಎಕ್ಸ್ ಆರಿಸಿ, ಟೆಲಿಫೋಟೊ ಲೆನ್ಸಿನ ಮೇಲೆ ಬೆರಳಿಡಿ. ಪರದೆ ಕಪ್ಪಾಗದಿದ್ದರೆ ಆ ಲೆನ್ಸ್ ಕೆಲಸ ಮಾಡುತ್ತಿಲ್ಲ.

ವಿಡಿಯೊಗೆ "4ಕೆ 60" ಎಂದಿದ್ದರೆ ಸಾಲದು. ಮೂರೂ ಲೆನ್ಸಿಗೆ ಇದೆಯೇ, ಮುಂದಿನ ಕ್ಯಾಮೆರಾಕ್ಕೂ ಇದೆಯೇ, 60 ಫ್ರೇಮಿನಲ್ಲಿ ಚಿತ್ರೀಕರಣ ನಡೆಯುತ್ತಿರುವಾಗಲೇ ಲೆನ್ಸ್ ಬದಲಿಸಲು ಬಿಡುತ್ತದೆಯೇ, ಮುಂದಿನ ಕ್ಯಾಮೆರಾಕ್ಕೆ ಆಟೊಫೋಕಸ್ ಇದೆಯೇ ಎಂದು ನೋಡಿ. ಇನ್ನು 2 ಮೆಗಾಪಿಕ್ಸೆಲ್ ಮ್ಯಾಕ್ರೊ, ಡೆಪ್ತ್ ಕ್ಯಾಮೆರಾಗಳು ಇದ್ದರೆ ಎಣಿಕೆಗೇ ಹಿಡಿಯಬೇಡಿ.

ತರಂಗ:

ಯಾರೂ ಹೇಳದ ಒಂದು ವಿಷಯ ಸೇರಿಸುತ್ತೇನೆ, ಬ್ಯಾಂಡುಗಳು, ಅಂದರೆ ಫೋನು ಟವರಿನೊಂದಿಗೆ ಮಾತಾಡುವ ಆವರ್ತನಗಳು.

ಒಂದೇ ಹೆಸರಿನ ಫೋನಿಗೆ ಪ್ರದೇಶಕ್ಕೊಂದು ಮಾದರಿ ಸಂಖ್ಯೆ ಇರುತ್ತದೆ, ಕೊನೆಯ ಅಕ್ಷರವೋ ಅಂಕಿಯೋ ಬೇರೆ. ಬ್ಯಾಂಡುಗಳ ಪಟ್ಟಿ ಅದಕ್ಕೆ ತಕ್ಕಂತೆ ಬದಲಾಗುತ್ತದೆ. "5ಜಿ ಬೆಂಬಲ" ಎಂಬ ಮಾತಿಗೆ ಅರ್ಥವಿಲ್ಲ. ನಿಮ್ಮ ಸೇವಾದಾರರು ಯಾವ ಬ್ಯಾಂಡ್ ಬಳಸುತ್ತಾರೆ ಎಂದು ಮೊದಲು ಬರೆದುಕೊಳ್ಳಿ, ಆಮೇಲೆ ಆ ಮಾದರಿ ಸಂಖ್ಯೆಯ ಪಟ್ಟಿಯಲ್ಲಿ ಒಂದೊಂದಾಗಿ ಹುಡುಕಿ. ಎನ್78 ಹೆಚ್ಚಿನ ಕಡೆ ಇದ್ದೇ ಇರುತ್ತದೆ, 3.3ರಿಂದ 3.8 ಗಿಗಾಹರ್ಟ್ಸ್, ವೇಗ ಚೆನ್ನ, ಗೋಡೆ ದಾಟುವುದು ಕಷ್ಟ. ಕಟ್ಟಡದೊಳಗೆ, ಟವರಿನಿಂದ ದೂರದಲ್ಲಿ ಕೈಹಿಡಿಯುವುದು ಎನ್28ರಂಥ 700 ಮೆಗಾಹರ್ಟ್ಸ್ ಆಸುಪಾಸಿನ ಕೆಳ ಬ್ಯಾಂಡ್. ಹೊರದೇಶದಿಂದ ತರಿಸಿದ ಫೋನಿನಲ್ಲಿ ಕೈಕೊಡುವುದೂ ಸಾಮಾನ್ಯವಾಗಿ ಇದೇ. ಗಂಟೆಗಟ್ಟಲೆ ಹಾಟ್‌ಸ್ಪಾಟ್ ಇಡುವವರಿಗೆ ಇದು ಬ್ಯಾಟರಿಯ ಪ್ರಶ್ನೆಯೂ ಹೌದು. ಸಿಗ್ನಲ್ ಕ್ಷೀಣವಾದಷ್ಟೂ ಫೋನು ಪ್ರಸಾರದ ಶಕ್ತಿ ಏರಿಸುತ್ತದೆ, ಬಿಸಿಯಾಗುತ್ತದೆ.

ಬ್ಯಾಂಡ್ ಇದ್ದರೂ ಸೇವಾದಾರರು ಆ ಮಾದರಿಗೆ ವೋಲ್ಟಿ (4ಜಿ ಮೂಲಕ ಧ್ವನಿ ಕರೆ) ತೆರೆಯದಿದ್ದರೆ, 2ಜಿ, 3ಜಿ ಮುಚ್ಚಿರುವ ಜಾಲದಲ್ಲಿ ಡೇಟಾ ಬರುತ್ತದೆ, ಕರೆ ಹೋಗುವುದಿಲ್ಲ. ಇದು ದೊಡ್ಡ ತಲೆನೋವು. ಹೊರಗಿನ ಆವೃತ್ತಿ ಕೊಳ್ಳುವ ಆಲೋಚನೆ ಇದ್ದರೆ ಇದನ್ನು ಖಚಿತ ಮಾಡಿಕೊಳ್ಳದೆ ಮುಂದುವರಿಯಬೇಡಿ. ಸಿಮ್ ತಟ್ಟೆಯನ್ನೂ ನೋಡಿ: ಅಮೆರಿಕದಲ್ಲಿ ಮಾರುವ ಐಫೋನುಗಳಲ್ಲಿ 14ರಿಂದ ಈಚೆಗೆ ಸಿಮ್ ಹಾಕುವ ಜಾಗವೇ ಇಲ್ಲ, ಇ-ಸಿಮ್ ಮಾತ್ರ.

ನಕ್ಷೆ ಬಳಸುವವರಿಗೆ ಒಂದು ಸಾಲು: ಜಿಪಿಎಸ್ ಉಪಗ್ರಹದ ಎಲ್1 ಆವರ್ತನದ ಜೊತೆ ಎಲ್5 ಆವರ್ತನವೂ ಇದ್ದರೆ ಎತ್ತರದ ಕಟ್ಟಡಗಳ ನಡುವೆ ಚುಕ್ಕೆ ಪಕ್ಕದ ರಸ್ತೆಗೆ ಹಾರುವುದು ಕಡಿಮೆ.

ಕಿರುಪರದೆ:

ತುಂಬ ಉಪಯೋಗವಾಯಿತು, ಮೂವರಿಗೂ ಧನ್ಯವಾದ. ಎಕ್ಸಿಫ್ ನೋಡುವ ದಾರಿ ಹೊಳೆದೇ ಇರಲಿಲ್ಲ. ಉಳಿದಿರುವುದು ಬಿಸಿ, ಚಾರ್ಜಿಂಗ್, ಪರದೆ. ಬಿಯ ಪರದೆ ಗರಿಷ್ಠ 4,500 ನಿಟ್ಸ್ (ಹೊಳಪಿನ ಅಳತೆ) ಎಂದು ಸುದ್ದಿ. ಹಾಗೆಯೇ ಸಿ ಕೊಳ್ಳುವುದು ಜಾಣತನವೇ, ಹೊಸದಕ್ಕೆ ಕಾಯುವುದೇ?

ತಂಪುಗಾಳಿ:

ಬಿಸಿಯಿಂದ ಶುರು ಮಾಡೋಣ. ಚಿಪ್ಪಿನ ಹೆಸರನ್ನು ಅಕ್ಷರ ಬಿಡದೆ ಓದಿ. ಸ್ನಾಪ್‌ಡ್ರ್ಯಾಗನ್ 8 ಜೆನ್ 3 ಮತ್ತು 8ಎಸ್ ಜೆನ್ 3 ನಡುವೆ ಒಂದೇ ಅಕ್ಷರದ ವ್ಯತ್ಯಾಸ. ಮೊದಲನೆಯದರ ಮುಖ್ಯ ಕೋರ್ 3.3 ಗಿಗಾಹರ್ಟ್ಸ್, ಗ್ರಾಫಿಕ್ಸ್ ಅಡ್ರಿನೊ 750, ಎರಡನೆಯದು 3.0, ಅಡ್ರಿನೊ 735. ಸೋರಿಕೆಯ ಸುದ್ದಿಗಳಲ್ಲಿ ಆ 'ಎಸ್' ಎಷ್ಟೋ ಸಲ ಬಿದ್ದುಹೋಗಿರುತ್ತದೆ. ಒಂದೇ ಫೋನಿಗೆ ಎರಡು ಪ್ರದೇಶದಲ್ಲಿ ಎರಡು ಚಿಪ್ ಇರುವುದೂ ಉಂಟು. ಗ್ಯಾಲಕ್ಸಿ ಎಸ್24 ಕೆಲವೆಡೆ ಸ್ನಾಪ್‌ಡ್ರ್ಯಾಗನ್, ಹಲವೆಡೆ ಎಕ್ಸಿನೋಸ್ 2400.

ಗೇಮ್ ಆಡದಿದ್ದರೂ 4ಕೆ ವಿಡಿಯೊ, ಬಿಸಿಲಿನ ನಕ್ಷೆ, ಹಾಟ್‌ಸ್ಪಾಟ್ ಮೂರೂ ಫೋನನ್ನು ಕಾಯಿಸುವ ಕೆಲಸಗಳೇ. ಹಾಗಾಗಿ ತುತ್ತತುದಿಯ ಅಂಕಕ್ಕಿಂತ 20 ನಿಮಿಷದ ನಂತರದ ಅಂಕ ನೋಡಿ. ಗ್ರಾಫಿಕ್ಸ್ ಪರೀಕ್ಷೆಯ ಆ್ಯಪ್ ಆದ 3ಡಿಮಾರ್ಕ್ ವೈಲ್ಡ್ ಲೈಫ್ ಸ್ಟ್ರೆಸ್ ಟೆಸ್ಟ್ ಒಂದೊಂದು ನಿಮಿಷದ 20 ಸುತ್ತು ಓಡುತ್ತದೆ. ಕೊನೆಗೆ ಬರುವ ಸ್ಟೆಬಿಲಿಟಿ ಶೇಕಡಾ ಎಂದರೆ ಕನಿಷ್ಠ ಸುತ್ತಿನ ಅಂಕವನ್ನು ಗರಿಷ್ಠ ಸುತ್ತಿನದರಿಂದ ಭಾಗಿಸಿದ್ದು. ಎಡವುವುದು ಇಲ್ಲೇ: ಮೊದಲಿನಿಂದಲೇ ನಿಧಾನವಾಗಿ ಓಡುವ ಫೋನು ಶೇ 99 ತೋರಿಸುತ್ತದೆ. ಶೇಕಡಾ ಬಿಟ್ಟು ಕನಿಷ್ಠ ಸುತ್ತಿನ ಅಂಕವನ್ನೇ ಮೂರೂ ಫೋನುಗಳಿಗೆ ಹೋಲಿಸಿ. ಪಕ್ಕದಲ್ಲಿ ಹೊರಮೈ ತಾಪಮಾನ ಕೊಟ್ಟಿದ್ದರೆ ಅದನ್ನೂ ಬರೆದುಕೊಳ್ಳಿ. ಅಂಕ ಉಳಿಸಿಕೊಂಡು ಕೈಸುಡುವ ಫೋನು ಬಿಸಿಲಲ್ಲಿ ಪರದೆ ಮಂಕಾಗಿಸುತ್ತದೆ, ಕ್ಯಾಮೆರಾ ಮುಚ್ಚುತ್ತದೆ. ಅಂಟುಟು (ಇನ್ನೊಂದು ವೇಗ ಪರೀಕ್ಷೆ) ಅಂಕಗಳಾದರೆ ಒಂದೇ ಆವೃತ್ತಿಯವು ಇರಲಿ, 10ನೇ ಆವೃತ್ತಿಯದನ್ನು 11ರ ಜೊತೆ ಇಡುವಂತಿಲ್ಲ.

ಚಾರ್ಜಿಂಗ್: 80 ವಾಟ್ ಎಂಬುದು ಮೊದಲ ಕೆಲವು ನಿಮಿಷಗಳ ತುದಿ. ಬ್ಯಾಟರಿ ತುಂಬುತ್ತ ಹೋದಂತೆ ಅದು ಇಳಿಯುತ್ತದೆ, ಶೇ 80ರ ನಂತರ ಎಲ್ಲ ಫೋನೂ ನಿಧಾನವೇ. 0ಯಿಂದ 50ಕ್ಕೆ ಎಷ್ಟು ನಿಮಿಷ, 100ಕ್ಕೆ ಎಷ್ಟು ಎಂಬ ಎರಡು ಅಂಕಿ ಸಾಕು. ಅದಕ್ಕಿಂತ ಮುಖ್ಯ, ಆ 80 ವಾಟ್ ಕಂಪನಿಯ ಸ್ವಂತ ವಿಧಾನದ್ದೋ, ಎಲ್ಲ ಕಂಪನಿಗಳೂ ಬಳಸಬಹುದಾದ ಯುಎಸ್‌ಬಿ ಪಿಡಿಯ ಪಿಪಿಎಸ್‌ನದ್ದೋ ಎಂಬುದು. ಸ್ವಂತ ವಿಧಾನದ್ದಾದರೆ ಬೇರೆ ಚಾರ್ಜರಿಗೆ ಹಾಕಿದಾಗ ವೇಗ ಕುಸಿಯುತ್ತದೆ, ಆಗ ಎಷ್ಟು ವಾಟ್ ಸಿಗುತ್ತದೆ ಎಂಬುದೇ ನಿಮ್ಮ ನಿಜವಾದ ಅಂಕಿ. ಬಿಯ 45 ವಾಟ್ ಪಿಪಿಎಸ್ ಆಗಿದ್ದು 10 ವೋಲ್ಟ್, 4.5 ಆಂಪಿಯರ್ ಕೇಳುವಂಥದ್ದಾದರೆ ಕೇಬಲ್ 5 ಆಂಪಿಯರಿನದು ಬೇಕು, ಸಾಮಾನ್ಯ 3 ಆಂಪಿಯರ್ ಕೇಬಲ್‌ನಲ್ಲಿ ಆ ವೇಗ ಬಾರದು. ಹಾಟ್‌ಸ್ಪಾಟ್ ಬಳಕೆಗೆ ಬೈಪಾಸ್ ಚಾರ್ಜಿಂಗ್ ಇದ್ದರೆ ದೊಡ್ಡ ಅನುಕೂಲ. ವಿದ್ಯುತ್ ಬ್ಯಾಟರಿಗೆ ಹೋಗದೆ ನೇರ ಫೋನಿಗೆ ಹೋಗುತ್ತದೆ, ಬ್ಯಾಟರಿ ಕಾಯುವುದಿಲ್ಲ.

ಪರದೆಯ 4,500 ನಿಟ್ಸ್ ಬಗ್ಗೆ: ಅದು ಎಚ್‌ಡಿಆರ್ (ಹೆಚ್ಚು ಬೆಳಕು-ನೆರಳು ತೋರಿಸುವ) ಚಿತ್ರದಲ್ಲಿ ಪರದೆಯ ಚಿಕ್ಕ ತುಣುಕು ಬೆಳಗುವಾಗಿನ ಅಳತೆ. ನಕ್ಷೆ ತೆರೆದಾಗ ಪರದೆ ಪೂರ್ತಿ ಬೆಳ್ಳಗಿರುತ್ತದೆ. ಆಗಿನ ಅಂಕಿಗೆ ಹೈ ಬ್ರೈಟ್‌ನೆಸ್ ಮೋಡ್ ಎನ್ನುತ್ತಾರೆ, ಅದು ಬಹಳ ಕಡಿಮೆ. ಅದೂ ಆಟೊ ಬ್ರೈಟ್‌ನೆಸ್ ಹಾಕಿದ್ದರೆ ಮಾತ್ರ ಸಿಗುತ್ತದೆ. ವಿಮರ್ಶೆಗಳಲ್ಲಿ ಪರದೆಯ ಬಹುಭಾಗ ಬಿಳಿ ಇಟ್ಟು ಅಳೆದ ಅಂಕಿಯನ್ನು ಹುಡುಕಿ. ಪ್ರತಿಫಲನ ತಡೆಯುವ ಗಾಜು ಇದ್ದರೆ ಅದು ಸಾವಿರ ನಿಟ್ಸ್ ಹೆಚ್ಚಳಕ್ಕಿಂತ ಬಿಸಿಲಲ್ಲಿ ಉಪಕಾರಿ ಎಂಬುದು ನನ್ನ ಅಭಿಪ್ರಾಯ.

ಬೆಸುಗೆ:

ಸಿ ಬಗ್ಗೆ. ಅಪ್‌ಡೇಟ್ ಅವಧಿ ಬಿಡುಗಡೆಯಾದ ದಿನದಿಂದ ಎಣಿಸುತ್ತದೆ, ನೀವು ಕೊಂಡ ದಿನದಿಂದಲ್ಲ. ಪಿಕ್ಸೆಲ್ 8 2023ರಲ್ಲಿ, ಗ್ಯಾಲಕ್ಸಿ ಎಸ್24 2024ರಲ್ಲಿ 7 ವರ್ಷದ ಮಾತು ಕೊಟ್ಟವು. ನಿಮ್ಮ ಸಿಗೂ ಅದೇ 7 ವರ್ಷ ಇದ್ದರೆ ಒಂದು ವರ್ಷ ಕಳೆದು 6 ಉಳಿದಿದೆ. ಎಗೆ 4 ಮಾತ್ರ. 5 ವರ್ಷ ಬಳಸುತ್ತೇನೆ ಎಂದವರು ನೀವೇ. ಆ ಒಂದೇ ಗೆರೆ ಎಳೆದರೆ ಎ ಹೊರಗೆ ಹೋಗುತ್ತದೆ, ಹಳೆಯ ಸಿ ಒಳಗೆ ಉಳಿಯುತ್ತದೆ. ಆದರೆ ಆ 4 ವರ್ಷ ಆಂಡ್ರಾಯ್ಡ್ ಆವೃತ್ತಿಗಳಿಗೋ ಭದ್ರತಾ ಪ್ಯಾಚಿಗೋ ಎಂದು ಖಚಿತ ಮಾಡಿಕೊಳ್ಳಿ. 4 ಆವೃತ್ತಿ ಮತ್ತು 6 ವರ್ಷ ಭದ್ರತೆ ಎಂದಿದ್ದರೆ ಎ ಮತ್ತೆ ಕಣಕ್ಕೆ ಬರುತ್ತದೆ. ಪ್ಯಾಚ್ ತಿಂಗಳಿಗೊಮ್ಮೆಯೋ ಮೂರು ತಿಂಗಳಿಗೊಮ್ಮೆಯೋ ಎಂಬುದನ್ನೂ ಕೇಳಿ.

5 ವರ್ಷದಲ್ಲಿ ಬ್ಯಾಟರಿ ಬದಲಿಸುವ ಸಂದರ್ಭ ಹೆಚ್ಚುಕಡಿಮೆ ಬಂದೇ ಬರುತ್ತದೆ. ಇದಕ್ಕೆ ಯುರೋಪಿನ ಒಂದು ದಾಖಲೆಯನ್ನು ಎಲ್ಲಿದ್ದವರೂ ಬಳಸಿಕೊಳ್ಳಬಹುದು. 2025ರ ಜೂನ್ 20ರಿಂದ ಅಲ್ಲಿ ಮಾರುಕಟ್ಟೆಗೆ ಬರುವ ಸ್ಮಾರ್ಟ್‌ಫೋನುಗಳಿಗೆ ಶಕ್ತಿ ಲೇಬಲ್ ಕಡ್ಡಾಯ. ಒಂದು ಚಾರ್ಜಿಗೆ ಎಷ್ಟು ಗಂಟೆ, ಬ್ಯಾಟರಿ ಎಷ್ಟು ನೂರು ಚಕ್ರ (ಪೂರ್ತಿ ಚಾರ್ಜ್ ಆಗಿ ಖಾಲಿಯಾಗುವ ಸುತ್ತು) ತಾಳುತ್ತದೆ, ಬಿದ್ದರೆ ತಡೆದುಕೊಳ್ಳುವ ದರ್ಜೆ, ದುರಸ್ತಿಯ ದರ್ಜೆ, ನೀರು-ಧೂಳಿನ ಐಪಿ ಅಂಕಿ, ಎಲ್ಲವೂ ಒಂದೇ ಚೀಟಿಯಲ್ಲಿರುತ್ತದೆ. ಎಪ್ರೆಲ್ ಎಂಬ ಸಾರ್ವಜನಿಕ ದತ್ತಸಂಚಯದಲ್ಲಿ ಮಾದರಿ ಸಂಖ್ಯೆ ಹಾಕಿ ಹುಡುಕಬಹುದು. 800 ಚಕ್ರದ ನಂತರ ಕನಿಷ್ಠ ಶೇ 80 ಸಾಮರ್ಥ್ಯ ಉಳಿಯಬೇಕು ಎಂಬುದು ಅಲ್ಲಿನ ನಿಯಮ. ಒಂದು ಕಂಪನಿ 1,000, ಇನ್ನೊಂದು 1,600 ಎಂದು ಬರೆದುಕೊಂಡಿದ್ದರೆ ಆ ವ್ಯತ್ಯಾಸ ನಿಮ್ಮ ಮೂರನೇ ವರ್ಷದಲ್ಲಿ ಕಾಣುತ್ತದೆ. ಅಳೆಯುವ ವಿಧಾನ ಎಲ್ಲರಿಗೂ ಒಂದೇ ಇರುವುದರಿಂದ ಜಾಹೀರಾತಿನ ಗಂಟೆಗಳಿಗಿಂತ ಇದಕ್ಕೆ ತೂಕ ಹೆಚ್ಚು. ಒಂದೇ ಎಚ್ಚರ, ನಿಮ್ಮ ಪ್ರದೇಶದ ಆವೃತ್ತಿಯ ಬ್ಯಾಟರಿಯೂ ಅದೇ ಗಾತ್ರದ್ದಾಗಿರಬೇಕು.

ಐಪಿ69 ನೋಡಿ ಐಪಿ68ಕ್ಕಿಂತ ಮೇಲೆಂದು ತಿಳಿಯಬೇಡಿ. 68 ಮುಳುಗುವುದಕ್ಕೆ, 69 ಬಿಸಿನೀರಿನ ರಭಸಕ್ಕೆ; ಒಂದು ಇನ್ನೊಂದನ್ನು ಒಳಗೊಳ್ಳುವುದಿಲ್ಲ. ಎರಡರ ಪರೀಕ್ಷೆಯೂ ಸಿಹಿನೀರಿನಲ್ಲಿ.

ಗುಂಡಿಯಂಚು:

ಕಾಯುವುದೇ ಬೇಡ ಎಂಬುದು ನನ್ನ ವಾದ. ಮುಂಗಡ ಕಾದಿರಿಸಿದವರಿಗೆ ಕೊಡುವ ಹೆಚ್ಚುವರಿ ಸ್ಟೋರೇಜ್, ಹಳೆ ಫೋನಿನ ವಿನಿಮಯ ಮೌಲ್ಯ ಆಮೇಲೆ ಸಿಗುವುದಿಲ್ಲ. ಅಳತೆ, ಅಂಕಿ ಎಂದು ಕಾಯುತ್ತ ಕೂತರೆ ಅದು ತಪ್ಪಿಹೋಗುತ್ತದೆ.

ತಂಪುಗಾಳಿ:

ಕೊಡುಗೆ ದೊಡ್ಡದಾಗಿದ್ದು, ವಾಪಸು ಮಾಡುವ ಅವಕಾಶ ಲಿಖಿತವಾಗಿದ್ದರೆ ನಿಮ್ಮ ಮಾತನ್ನು ಒಪ್ಪುತ್ತೇನೆ. ವಾಪಸಾತಿ ಇಲ್ಲದಿದ್ದರೆ ಒಪ್ಪುವುದಿಲ್ಲ. ಹೊಸ ಫೋನಿನ ಕ್ಯಾಮೆರಾ ಮತ್ತು ಬಿಸಿ, ಎರಡೂ ಮೊದಲ ಒಂದೆರಡು ಅಪ್‌ಡೇಟುಗಳಲ್ಲಿ ಗಣನೀಯವಾಗಿ ಬದಲಾಗುತ್ತವೆ. ಮೊದಲ ದಿನದ ವಿಮರ್ಶೆಗಳು ಬಹುತೇಕ ಕಂಪನಿ ಕಳಿಸಿದ ಫೋನಿನಲ್ಲಿ, ಬಿಡುಗಡೆಪೂರ್ವ ಫರ್ಮ್‌ವೇರಿನಲ್ಲಿ ಬರೆದವು. ಎರಡು-ಮೂರು ವಾರದ ನಂತರ ಬರುವ ಅಳತೆಗಳೇ ನಂಬಿಕೆಗೆ ಅರ್ಹ. ಬಿಡುಗಡೆ ದಿನ ಕಂಪನಿಯ ಪುಟದಲ್ಲಿ ಅಡಿಟಿಪ್ಪಣಿಗಳನ್ನು ಮಾತ್ರ ಓದಿ: ಯಾವ ಆವೃತ್ತಿಗೆ ಯಾವ ಸ್ಟೋರೇಜ್, ಚಾರ್ಜರ್ ಪೆಟ್ಟಿಗೆಯಲ್ಲಿದೆಯೇ, "ಪ್ರಯೋಗಾಲಯದ ಪರಿಸ್ಥಿತಿಯಲ್ಲಿ" ಎಂದರೆ ಯಾವ ತಾಪಮಾನ, ಎಐ ಸೌಲಭ್ಯಗಳು ಎಷ್ಟು ಕಾಲ ಉಚಿತ. ದೊಡ್ಡಕ್ಷರದಲ್ಲಿ ಹೇಳಿದ್ದಕ್ಕೆಲ್ಲ ಷರತ್ತು ಅಲ್ಲಿರುತ್ತದೆ.

ಹೊಸ ಪೀಳಿಗೆಯ ಕಾಲವನ್ನೂ ಗಮನಿಸಿ. ಗ್ಯಾಲಕ್ಸಿ ಎಸ್ ಸರಣಿ ವರ್ಷದ ಆರಂಭದಲ್ಲಿ, ಪಿಕ್ಸೆಲ್ ಈಚೆಗೆ ಆಗಸ್ಟ್‌ನಲ್ಲಿ, ಐಫೋನ್ ಸೆಪ್ಟೆಂಬರ್‌ನಲ್ಲಿ. ಕ್ವಾಲ್‌ಕಾಮ್‌ನ ಹೊಸ ಪ್ರಮುಖ ಚಿಪ್ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಅದಕ್ಕೆ ತಿಂಗಳ ಮುಂಚೆ ಹಿಂದಿನ ಚಿಪ್ಪಿನ ಫೋನು ಕೊಳ್ಳುವುದಾದರೆ ಗೊತ್ತಿದ್ದೇ ಕೊಳ್ಳಿ.

ಕಿರುಪರದೆ:

ಸರಿ. ಎಯ ಭದ್ರತಾ ಪ್ಯಾಚ್ ಅವಧಿ ಗೊತ್ತಾಗುವವರೆಗೆ ಅದನ್ನು ಪಕ್ಕಕ್ಕಿಡುತ್ತೇನೆ. ಬಿ, ಸಿ ಎರಡನ್ನೂ ಅಂಗಡಿಯಲ್ಲಿ ಕೈಗೆತ್ತಿಕೊಂಡಾಗ ಹತ್ತು ನಿಮಿಷದಲ್ಲಿ ಏನೇನು ನೋಡಬೇಕು?

ಮೂರನೇಕಣ್ಣು:

ಪ್ರದರ್ಶನದ ಫೋನಿನಲ್ಲಿ ಓಡುವ ವಿಡಿಯೊ ನಿಲ್ಲಿಸಿ ಕ್ಯಾಮೆರಾ ತೆರೆಯಿರಿ. ಅಲ್ಲಿ ನಡೆದಾಡುವವರನ್ನು 1ಎಕ್ಸ್ ಮತ್ತು 5ಎಕ್ಸ್‌ನಲ್ಲಿ ತೆಗೆದು ಮುಖವನ್ನು ಹಿಗ್ಗಿಸಿ ನೋಡಿ. ಮೇಲೆ ಹೇಳಿದ ಬೆರಳಿನ ಪರೀಕ್ಷೆಯನ್ನೂ 5ಎಕ್ಸ್ ಆರಿಸಿ ಮಾಡಿ. 4ಕೆ 60 ಹಾಕಿ ಚಿತ್ರೀಕರಣ ಶುರು ಮಾಡಿ, ನಡುವೆ 0.5ಎಕ್ಸ್, 1ಎಕ್ಸ್, 5ಎಕ್ಸ್ ಒತ್ತಿ. ಬಟನ್ ಮಂಕಾಗಿದ್ದರೆ ಲೆನ್ಸ್ ಬದಲಿಸಲು ಬಿಡುವುದಿಲ್ಲ ಎಂದರ್ಥ. ಚಿತ್ರ ಜಿಗಿದರೆ, ಬಣ್ಣ ಹಳದಿಗೆ ತಿರುಗಿದರೆ ಗುರುತು ಹಾಕಿಕೊಳ್ಳಿ. ಪುಸ್ತಕವನ್ನೋ ಚೀಟಿಯನ್ನೋ 10 ಸೆಂ.ಮೀ. ಹತ್ತಿರ ಹಿಡಿಯಿರಿ. ದೊಡ್ಡ ಸೆನ್ಸರಿನ ಫೋನು ಆಗ ಥಟ್ಟನೆ ಅಲ್ಟ್ರಾವೈಡ್‌ಗೆ ಹಾರುತ್ತದೆ. ಕಾಗದಪತ್ರದ ಫೋಟೊ ತೆಗೆಯುವವರಿಗೆ ಇದು ದಿನನಿತ್ಯದ ಕಿರಿಕಿರಿ, ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ.

ಪರದೆಗೆ: ನಿಮ್ಮ ಈಗಿನ ಫೋನಿನ ಕ್ಯಾಮೆರಾವನ್ನು ಪ್ರೊ ಮೋಡಿಗೆ ಹಾಕಿ, ಶಟರ್ 1/4000 ಇಡಿ. ಅಂಗಡಿಯ ಫೋನಿನಲ್ಲಿ ಬಿಳಿ ಪುಟ ತೆರೆದು ಬ್ರೈಟ್‌ನೆಸ್ ಐದನೇ ಒಂದು ಭಾಗಕ್ಕೆ ಇಳಿಸಿ, ಅದನ್ನು ಕ್ಯಾಮೆರಾದಲ್ಲಿ ನೋಡಿ. ದಪ್ಪ ಕಪ್ಪು ಪಟ್ಟೆಗಳು ಕಂಡರೆ ಪಿಡಬ್ಲ್ಯುಎಂ (ಹೊಳಪು ತಗ್ಗಿಸಲು ಪರದೆ ಬೇಗಬೇಗ ಆರಿ ಹೊತ್ತುವುದು) ಆವರ್ತನ ಕಡಿಮೆ, ಮಿನುಗು ಆಳ. ಕತ್ತಲಲ್ಲಿ ಓದಿದರೆ ತಲೆ ನೋಯುವವರಿಗೆ ಇಂಥ ಪರದೆ ಆಗಿಬರುವುದಿಲ್ಲ. ಪಟ್ಟೆ ಸಣ್ಣದಾಗಿ, ತಿಳಿಯಾಗಿದ್ದರೆ ಅಷ್ಟು ಚಿಂತೆಯಿಲ್ಲ.

ಬೆರಳಚ್ಚು ಸೆನ್ಸರ್ ಅಲ್ಟ್ರಾಸಾನಿಕ್ ಆಗಿದ್ದರೆ ದಪ್ಪ ಟೆಂಪರ್ಡ್ ಗಾಜು ಅದಕ್ಕೆ ಹೊಂದುವುದಿಲ್ಲ. ಆ ಫೋನಿಗೆ ಒಪ್ಪುವ ರಕ್ಷಕ ಸಿಗುತ್ತದೆಯೇ ಎಂದು ಅಲ್ಲೇ ಕೇಳಿ. ಪೆಟ್ಟಿಗೆ ಒಡೆದ ಮೇಲೆ *#06# ಒತ್ತಿ ಬರುವ ಐಎಂಇಐ (ಫೋನಿನ ಗುರುತು ಸಂಖ್ಯೆ) ಪೆಟ್ಟಿಗೆಯ ಚೀಟಿಗೆ ತಾಳೆಯಾಗಬೇಕು. ಸೆಟ್ಟಿಂಗ್ಸ್‌ನ 'ಫೋನ್ ಕುರಿತು' ಭಾಗದಲ್ಲಿ ಬ್ಯಾಟರಿ ಚಕ್ರದ ಸಂಖ್ಯೆ ತೋರಿಸುವ ಫೋನಾದರೆ ಅದು ಸೊನ್ನೆಯೋ ಒಂದೋ ಇರಬೇಕು. ಸಿ ಒಂದು ವರ್ಷ ಹಳೆಯ ಮಾದರಿಯಾದ್ದರಿಂದ ತಯಾರಿಕೆಯ ತಿಂಗಳನ್ನು ಪೆಟ್ಟಿಗೆಯ ಮೇಲೆ ಓದಿ, ವಾರಂಟಿ ಯಾವ ದಿನದಿಂದ ಶುರುವಾಗಿದೆ ಎಂದು ಐಎಂಇಐ ಹಾಕಿ ಕಂಪನಿಯ ತಾಣದಲ್ಲಿ ನೋಡಿ. ನೀವು ಕೊಂಡ ದಿನಕ್ಕಿಂತ ಹಿಂದಿನ ದಿನಾಂಕ ಕಂಡರೆ ಆ ಫೋನು ಒಮ್ಮೆ ಚಾಲೂ ಆಗಿರುವ ಸಾಧ್ಯತೆ ಹೆಚ್ಚು. ಅಂಗಡಿಯಿಂದ ಹೊರಡುವ ಮುಂಚೆಯೇ ಬೇರೆ ಪೆಟ್ಟಿಗೆ ಕೇಳಿ.